ಮೊದಲ ತರಗತಿಗೆ ಅರ್ಹತೆ ಏನಿತ್ತು?

ಎಂ.ಎ.ಗೆ ಅರ್ಜಿ ಹಾಕಲೆಂದು ಶಿರಾದಿಂದ ಬಸ್ಸು ಹತ್ತಿದ ದಿನ ನನ್ನ ಬ್ಯಾಗಿನಲ್ಲಿ ಒಂಬತ್ತು ಕಾಗದಗಳಿದ್ದವು. ಆರು ಸೆಮಿಸ್ಟರಿನ ಆರು ಅಂಕಪಟ್ಟಿ, ಒಂದು ಟಿ.ಸಿ., ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಕಾರ್ಡು. ಕೌಂಟರಿನಲ್ಲಿದ್ದ ಗುಮಾಸ್ತರು ಎಲ್ಲವನ್ನೂ ತಿರುವಿ ನೋಡಿ, 'ನಿಮ್ಮದು ಎಚ್.ಇ.ಪಿ. ಅಲ್ವೇನಮ್ಮ? ಐಚ್ಛಿಕ ಕನ್ನಡ ಇಲ್ಲ. ಕನ್ನಡಕ್ಕೆ ಬರಲ್ಲ, ಹಿಸ್ಟರಿಗೆ ಹಾಕಿ' ಎಂದರು. ಅವರ ದನಿಯಲ್ಲಿ ಗದರಿಕೆಯೇನೂ ಇರಲಿಲ್ಲ. ನಿಯಮ ಹಾಗಿತ್ತು, ಅಷ್ಟೇ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿದವಳಿಗೆ ಆ ಮೂರರಲ್ಲೊಂದರ ಬಾಗಿಲು ಮಾತ್ರ ತೆರೆದಿತ್ತು. ನಾನು ಇತಿಹಾಸಕ್ಕೆ ಸೇರಿದೆ. ಈಗ ಪಿಎಚ್.ಡಿ. ಮಾಡುತ್ತಿರುವುದೂ ಅದರಲ್ಲೇ. ಹಳೆಯ ಮೈಸೂರು ಸಂಸ್ಥಾನದಲ್ಲಿ ಉನ್ನತ ಶಿಕ್ಷಣ ಹೇಗೆ ಬೆಳೆಯಿತು ಎಂಬುದು ನನ್ನ ವಿಷಯ. ಆದ್ದರಿಂದ ಅಂದು ಕೌಂಟರಿನಲ್ಲಿ ಕೇಳಬೇಕೆಂದಿದ್ದ ಪ್ರಶ್ನೆಯನ್ನು ಇವತ್ತು ಕೇಳುವ ಅವಕಾಶ ನನಗಿದೆ: ಕನ್ನಡ ಎಂ.ಎ.ಯ ಮೊಟ್ಟಮೊದಲ ತರಗತಿಯಲ್ಲಿ ಕೂತವರು ಯಾವ ಅರ್ಹತೆಯಿಂದ ಕೂತಿದ್ದರು?

ಆ ತರಗತಿ ಶುರುವಾದದ್ದು 1927ರಲ್ಲಿ, ಮೈಸೂರಿನಲ್ಲಿ. ವಿಶ್ವವಿದ್ಯಾಲಯ ಹುಟ್ಟಿ ಆಗಲೇ ಹನ್ನೊಂದು ವರ್ಷವಾಗಿತ್ತು. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯಕ್ಕೆ ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಅದಕ್ಕೂ ಮುಂಚೆ ಇಲ್ಲಿನ ಕಾಲೇಜುಗಳೆಲ್ಲ ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ನಮ್ಮದೇ ಎಂಬ ವಿಶ್ವವಿದ್ಯಾಲಯ ಬಂದ ಮೇಲೂ ಕನ್ನಡಕ್ಕೆ ಎಂ.ಎ. ತರಗತಿ ಸಿಗಲು ಒಂದು ದಶಕ ಬೇಕಾಯಿತು. ಅದು ಬರುವ ಹೊತ್ತಿಗೆ ಕುಲಸಚಿವರ ಕುರ್ಚಿಯಲ್ಲಿದ್ದವರು ಬಿ.ಎಂ. ಶ್ರೀಕಂಠಯ್ಯ. ಪಾಠ ಹೇಳಲು ನಿಂತವರು ಟಿ.ಎಸ್. ವೆಂಕಣ್ಣಯ್ಯ.

ಇಬ್ಬರನ್ನೂ ಇವತ್ತಿನ ಅರ್ಜಿ ನಮೂನೆಯ ಮುಂದೆ ನಿಲ್ಲಿಸಿ ನೋಡಿ. ಬಿ.ಎಂ.ಶ್ರೀ. ಇಂಗ್ಲಿಷ್ ಪ್ರಾಧ್ಯಾಪಕರು. ವೆಂಕಣ್ಣಯ್ಯನವರು ಚಳ್ಳಕೆರೆ ತಾಲ್ಲೂಕಿನ ತಳುಕಿನವರು, 1885ರಲ್ಲಿ ಹುಟ್ಟಿದವರು. ಶಿರಾದಿಂದ ಹಿರಿಯೂರು ದಾಟಿ ಉತ್ತರಕ್ಕೆ ಹೋದರೆ ಸಿಗುವ ಅದೇ ಒಣನೆಲ. ಅವರು ವಿದ್ಯಾರ್ಥಿಯಾಗಿದ್ದಾಗ ಮೈಸೂರಿಗೆ ತನ್ನದೇ ವಿಶ್ವವಿದ್ಯಾಲಯವೇ ಇರಲಿಲ್ಲ. ಒಂದು ವಿಷಯದ ಮೊದಲ ತರಗತಿಯ ಮೇಷ್ಟರು ಆ ತರಗತಿಯಲ್ಲಿ ಓದಿ ಬಂದಿರುವುದು ಸಾಧ್ಯವೇ ಇಲ್ಲ. ಅರ್ಹತೆಯ ನಿಯಮ ಎಲ್ಲಿಯದೇ ಆಗಲಿ, ಅದರ ಆರಂಭದಲ್ಲಿ ಆ ನಿಯಮಕ್ಕೆ ಒಳಪಡದ ಒಬ್ಬರು ನಿಂತಿರುತ್ತಾರೆ.

ಇನ್ನು ವಿದ್ಯಾರ್ಥಿಗಳು. ಮೊದಲ ತಂಡದಲ್ಲಿದ್ದವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಕುವೆಂಪು ಅವರದು. ಬಿ.ಎ.ಯಲ್ಲಿ ಅವರು ಓದಿದ್ದು ತತ್ವಶಾಸ್ತ್ರ. ನನಗೆ 'ಕನ್ನಡಕ್ಕೆ ಬರಲ್ಲ' ಎಂದ ನಿಯಮವನ್ನು ಅಕ್ಷರಶಃ ಹಿಡಿದರೆ ಅವರೂ 'ಫಿಲಾಸಫಿಗೆ ಹಾಕಿ' ಎಂಬ ಉತ್ತರ ಕೇಳಿ ಹಿಂದಿರುಗಬೇಕಿತ್ತು. ಹಾಗಾಗಲಿಲ್ಲ. 1929ರಲ್ಲಿ ಎಂ.ಎ. ಮುಗಿಸಿ ಅದೇ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾದರು. 1956ರಿಂದ 1960ರವರೆಗೆ ಅದೇ ವಿಶ್ವವಿದ್ಯಾಲಯದ ಕುಲಪತಿಯಾಗಿ ಮಾನಸಗಂಗೋತ್ರಿಯನ್ನು ಕಟ್ಟಿದರು. 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ವೆಂಕಣ್ಣಯ್ಯನವರಿಗೆ ಅರ್ಪಿಸಿದರು.

ಆ ತಂಡದ ಇನ್ನೊಂದು ಹೆಸರು ನಮ್ಮ ಊರಿಗೆ ಹತ್ತಿರದ್ದು: ಡಿ.ಎಲ್. ನರಸಿಂಹಾಚಾರ್. 1906ರಲ್ಲಿ ಹುಟ್ಟಿದ ಡಿ.ಎಲ್.ಎನ್. ಬಾಲ್ಯದ ಓದನ್ನು ನಡೆಸಿದ್ದು ಶಿರಾ ಮತ್ತು ಪಾವಗಡದಲ್ಲಿ, ಹೈಸ್ಕೂಲು ತುಮಕೂರಿನಲ್ಲಿ. 'ವಡ್ಡಾರಾಧನೆ'ಯನ್ನು ಸಂಪಾದಿಸಿದವರು, 'ಕನ್ನಡ ಗ್ರಂಥಸಂಪಾದನೆ' ಬರೆದು ಹಸ್ತಪ್ರತಿ ಓದುವುದನ್ನು ಒಂದು ಶಾಸ್ತ್ರವಾಗಿ ಕಲಿಸಿದವರು, 1960ರಲ್ಲಿ ಬೀದರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು. ಮಲಿಕ್ ರಿಹಾನ್ ಗೋರಿ, ಹಾಳು ಬಿದ್ದ ಕೋಟೆ ಇವುಗಳನ್ನು ಶಾಲೆಯಿಂದ ನಮಗೆ ತೋರಿಸಿದ್ದರು. ಇಂಥವರೊಬ್ಬರು ಇದೇ ಊರಿನ ಬೀದಿಯಲ್ಲಿ ಸ್ಲೇಟು ಹಿಡಿದು ಓಡಾಡಿದ್ದರು ಎಂಬುದನ್ನು ಮಾತ್ರ ನಾನು ತಿಳಿದದ್ದು ಸಂಶೋಧನೆಗೆ ಬಂದ ಮೇಲೆ.

ಶಿರಾದ ನೆರೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ, ಅದೇ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರದು ಇನ್ನೊಂದು ದಾರಿ. ಅವರು ಮೊದಲು ಮಾಡಿದ್ದು ಇಂಗ್ಲಿಷ್ ಎಂ.ಎ., ಬಳಿಕ ಕನ್ನಡ ಎಂ.ಎ. ಎರಡು ಸಾಹಿತ್ಯಗಳನ್ನೂ ಬಲ್ಲ ಆ ಓದಿನಿಂದಲೇ ಮುಂದೆ 'ಭಾರತೀಯ ಕಾವ್ಯಮೀಮಾಂಸೆ' ಬಂತು. ಒಂದು ವಿಷಯದಿಂದ ಇನ್ನೊಂದಕ್ಕೆ ದಾಟಿದವರು ಕನ್ನಡಕ್ಕೆ ನಷ್ಟ ಮಾಡಲಿಲ್ಲ, ಹೊರಗಿನಿಂದ ಒಂದಿಷ್ಟು ತಂದರು.

ಇಲ್ಲಿಗೆ ಬರಹ ಮುಗಿಸಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅಂದು ಬಾಗಿಲು ತೆರೆದಿತ್ತು, ಇಂದು ಮುಚ್ಚಿದೆ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಎರಡು ವರ್ಷ ನಾನೂ ಹಾಗೆಯೇ ನಂಬಿಕೊಂಡಿದ್ದೆ. ಆದರೆ ಹಳೆಯ ಕಾಗದಗಳನ್ನು ಓದುತ್ತಾ ಹೋದ ಹಾಗೆ ಆ ತೆರೆದ ಬಾಗಿಲ ತನಕ ಬರಲು ಏನೇನು ಬೇಕಿತ್ತು ಎಂಬುದು ಕಾಣತೊಡಗಿತು.

ಮೊದಲು ಇಂಗ್ಲಿಷ್. ಕನ್ನಡದಲ್ಲಿ ಎಂ.ಎ. ಮಾಡಬೇಕಾದರೂ ಮೊದಲು ಬಿ.ಎ. ಆಗಿರಬೇಕು. ಬಿ.ಎ.ಯ ಪಾಠ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿ. ಎರಡನೆಯದು ದಾರಿ. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲೇ ರೈಲು ಬಂದಿತ್ತು, ಶಿರಾಕ್ಕೆ ಬರಲಿಲ್ಲ. ಇಲ್ಲಿನ ಹುಡುಗ ಐವತ್ತು ಕಿಲೋಮೀಟರು ದಾಟಿ ತುಮಕೂರು ಸೇರಿ, ಅಲ್ಲಿಂದ ರೈಲು ಹಿಡಿದು ಮೈಸೂರಿಗೆ ಹೋಗಬೇಕು. ಮೂರನೆಯದು ಊಟ, ವಸತಿ. ಕುವೆಂಪು ಓದುವಾಗ ಮೈಸೂರಿನ ರಾಮಕೃಷ್ಣಾಶ್ರಮದಲ್ಲಿ ಉಳಿದಿದ್ದರು. ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನದ ಪದ್ಧತಿ ಇತ್ತು: ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ಉಳಿದ ಜಾತಿಯ ಹುಡುಗರಿಗೆ ಆ ಮನೆಗಳ ಎಲೆ ಸಿಗುತ್ತಿರಲಿಲ್ಲ. ಜಾತಿವಾರು ಹಾಸ್ಟೆಲುಗಳು ಹುಟ್ಟಿದ್ದು ಆ ಕಾರಣಕ್ಕೇ. ತುಮಕೂರಿನ ಸಿದ್ಧಗಂಗಾ ಮಠದ ಉಚಿತ ಊಟ-ವಸತಿ ನಮ್ಮ ಬಯಲುಸೀಮೆಯ ತಾಲ್ಲೂಕುಗಳ ಎಷ್ಟೋ ಮಕ್ಕಳನ್ನು ಕಾಲೇಜು ಮೆಟ್ಟಿಲು ಹತ್ತಿಸಿದ್ದೂ ಹಾಗೆಯೇ. ಹೆಣ್ಣುಮಕ್ಕಳಿಗೆ ಇವುಗಳಲ್ಲಿ ಹೆಚ್ಚಿನ ದಾರಿ ಇರಲೇ ಇಲ್ಲ.

ಈ ಮೂರೂ ಯಾವ ಪ್ರವೇಶ ಪ್ರಕಟಣೆಯಲ್ಲೂ ಬರೆದಿರಲಿಲ್ಲ. ಬರೆಯದೆಯೇ ಜಾರಿಯಲ್ಲಿದ್ದವು. ಬರೆದ ನಿಯಮಕ್ಕೆ ತಕರಾರು ಹಾಕಬಹುದು, ಬರೆಯದ ನಿಯಮಕ್ಕೆ ಅರ್ಜಿ ಕೊಡುವುದು ಯಾರಿಗೆ?

ಮೈಸೂರಿನಲ್ಲಿ ಈ ಪ್ರಶ್ನೆ ಎದ್ದದ್ದು ಆ ಕಾಲದಲ್ಲೇ. ಸರ್ಕಾರಿ ಕೆಲಸಗಳಲ್ಲಿ ಒಂದೇ ಸಮುದಾಯ ತುಂಬಿಕೊಂಡಿದೆ ಎಂಬ ದೂರಿನ ಮೇಲೆ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಕವಾಯಿತು. ಹಿಂದುಳಿದ ವರ್ಗಗಳಿಗೆ ಉದ್ಯೋಗದಲ್ಲಿ ಆದ್ಯತೆ, ಓದಿಗೆ ನೆರವು ಎಂದು ಅದು ಶಿಫಾರಸು ಮಾಡಿತು. ಪರೀಕ್ಷೆಯ ಅಂಕವೊಂದೇ ಅರ್ಹತೆ ಎಂಬ ವಾದಕ್ಕೂ, ಆ ಅಂಕದವರೆಗೆ ಬರುವ ದಾರಿಯನ್ನೂ ನೋಡಬೇಕೆಂಬ ವಾದಕ್ಕೂ ಆಗ ನಡೆದ ಜಟಾಪಟಿ ಇನ್ನೂ ಮುಗಿದಿಲ್ಲ.

ಆ ಬೆಳಕಿನಲ್ಲಿ ನೋಡಿದರೆ ಇವತ್ತಿನ ಪ್ರವೇಶ ಪ್ರಕಟಣೆಯ ಒಣ ಸಾಲುಗಳು ಬೇರೆಯಾಗಿ ಕಾಣುತ್ತವೆ. ಸಾಮಾನ್ಯವಾಗಿ ಐಚ್ಛಿಕ ವಿಷಯದಲ್ಲಿ ಶೇ. 50 ಅಂಕ, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ಕ್ಕೆ ಶೇ. 45, ಮೀಸಲಾತಿಯ ರೋಸ್ಟರು, ಆದಾಯದ ಮಿತಿ. ನನ್ನ ಬ್ಯಾಗಿನಲ್ಲಿದ್ದ ಒಂಬತ್ತು ಕಾಗದಗಳಲ್ಲಿ ಒಂದು ಇದ್ದದ್ದು ಈ ಸಾಲುಗಳಿಂದಾಗಿ. ಅವಿಲ್ಲದಿದ್ದರೆ ನಮ್ಮ ಮನೆಯಿಂದ ಯಾರೂ ಆ ಕೌಂಟರಿನವರೆಗೆ ಬರುತ್ತಿರಲಿಲ್ಲ. ವಿಶ್ವವಿದ್ಯಾಲಯಗಳೂ ಹತ್ತಿರ ಬಂದವು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿತು, ಮುಂದೆ ತುಮಕೂರು ಜಿಲ್ಲೆಯ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಶಿರಾ ತಾಲ್ಲೂಕಿನ ಬರಗೂರಿನ ರಾಮಚಂದ್ರಪ್ಪನವರು ಅಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. 2004ರಲ್ಲಿ ತುಮಕೂರಿಗೇ ವಿಶ್ವವಿದ್ಯಾಲಯ ಬಂತು. ಡಿ.ಎಲ್.ಎನ್. ಮೈಸೂರಿನಲ್ಲಿ ಕಲಿತದ್ದನ್ನು ಕಲಿಯಲು ಶಿರಾದ ಹುಡುಗಿ ಈಗ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಮನೆಗೆ ಬರಬಹುದು.

ಹಾಗಾದರೆ ಐಚ್ಛಿಕ ವಿಷಯದ ನಿಯಮವೂ ಸರಿಯೇ? ನನಗೆ ಅನ್ನಿಸುವುದಿಷ್ಟು. ಪ್ರವೇಶದ ನಿಯಮಗಳಲ್ಲಿ ಎರಡು ಬಗೆ. ಮೀಸಲಾತಿ, ಆದಾಯದ ಸಾಲುಗಳು ಹೊರಗೆ ನಿಂತವರನ್ನು ಹುಡುಕಿ ಒಳಗೆ ಕರೆಯಲು ಬರೆದವು. ಐಚ್ಛಿಕ ವಿಷಯದ ಸಾಲು ಬಂದವರನ್ನು ವಿಂಗಡಿಸಲು ಬರೆದದ್ದು. ಅರ್ಜಿಗಳು ಸಾವಿರಗಟ್ಟಲೆ ಬಂದಾಗ ವಿಂಗಡಣೆ ಬೇಕಾಗುತ್ತದೆ, ಒಪ್ಪುತ್ತೇನೆ. ಆದರೆ ನಮ್ಮ ತಾಲ್ಲೂಕಿನಂಥ ಕಡೆ ಬಿ.ಎ. ವಿಷಯಗಳನ್ನು ಹದಿನೆಂಟು ವರ್ಷದ ಹುಡುಗಿ ಆರಿಸುವುದಿಲ್ಲ. ಕಾಲೇಜಿನಲ್ಲಿ ಯಾವ ಕಾಂಬಿನೇಷನ್ ಇದೆಯೋ, ಯಾವುದರಲ್ಲಿ ಸೀಟು ಉಳಿದಿದೆಯೋ ಅದು ಅವಳದಾಗುತ್ತದೆ. ಆ ಆಕಸ್ಮಿಕವನ್ನು ಮೂರು ವರ್ಷದ ನಂತರ 'ಅರ್ಹತೆ' ಎಂದು ಕರೆಯುವುದರಲ್ಲಿ ನನಗೆ ತೊಡಕು ಕಾಣುತ್ತದೆ. ಭಾಷಾ ವಿಷಯವಾಗಿ ಕನ್ನಡ ಓದಿದವರಿಗೂ ಅವಕಾಶ ಕೊಡುವ ವಿಭಾಗಗಳಿವೆ. ಒಂದು ಪ್ರವೇಶ ಪರೀಕ್ಷೆ, ಹತ್ತು ನಿಮಿಷದ ಮಾತುಕತೆ ಸಾಕು, ಯಾರಿಗೆ ನಿಜವಾದ ಆಸಕ್ತಿ ಇದೆ ಎಂದು ತಿಳಿಯಲು.

ಒಳಗೆ ಬಂದವರೆಲ್ಲ ಪದವಿ ಪಡೆದು ಹೊರಗೆ ಹೋಗುತ್ತಾರೆ ಎಂದೂ ಅಲ್ಲ. ಸೇರುವ ನಿಯಮದ ಬಗ್ಗೆ ನಾವು ಜಗಳವಾಡುತ್ತೇವೆ, ಮುಗಿಸುವ ನಿಯಮದ ಬಗ್ಗೆ ಯಾರೂ ಮಾತಾಡುವುದಿಲ್ಲ.

ನನ್ನ ದೊಡ್ಡಪ್ಪನ ಮಗಳು, ನಾನು ಅಕ್ಕ ಎಂದೇ ಕರೆಯುವವಳು, ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಮ್ಮ ಮನೆತನದಲ್ಲಿ ಎಂ.ಎ. ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ನಾಲ್ಕು ಸೆಮಿಸ್ಟರಿನ ಎಲ್ಲ ಪೇಪರು ಪಾಸಾಗಿ, ಕೊನೆಯ ಸೆಮಿಸ್ಟರಿನ ಒಂದೇ ಒಂದು ಉಳಿಯಿತು. ಅದೇ ಬೇಸಿಗೆಯಲ್ಲಿ ಮದುವೆಯಾಗಿ ಪಾವಗಡದ ಕಡೆ ಹೋದಳು. ಮರುವರ್ಷ ಬಸುರಿ, ಅದರ ಮರುವರ್ಷ ಮಾವನವರ ಕಾಯಿಲೆ. ಕಡೆಗೂ ಫೀಸು ಕಟ್ಟಲು ಹೋದಾಗ ಕೋರ್ಸು ಮುಗಿಸಬೇಕಾದ ಗರಿಷ್ಠ ಅವಧಿ ದಾಟಿದೆ ಎಂದು ಹೇಳಿ ಕಳಿಸಿದರು. ಹೊಸದಾಗಿ ಸೇರಬೇಕೆಂದರೆ ಮೊದಲ ಸೆಮಿಸ್ಟರಿನಿಂದ. ಎಂ.ಎ. ಎಂದರೆ ಏನೆಂದು ನನಗೆ ಹೇಳಿಕೊಟ್ಟವಳು, ನನ್ನ ಅರ್ಜಿ ತುಂಬಿದವಳು ಇವತ್ತಿಗೂ ಯಾವುದೇ ಫಾರಂನಲ್ಲಿ 'ಬಿ.ಎ.' ಎಂದಷ್ಟೇ ಬರೆಯಬೇಕು.

ಶೇ. 75 ಹಾಜರಾತಿ, ಆಂತರಿಕ ಅಂಕ, ಕ್ರೆಡಿಟ್ಟು, ಗರಿಷ್ಠ ಅವಧಿ ಇವೆಲ್ಲ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಂಡು ಬರೆದ ನಿಯಮಗಳು. ಆ ವಿದ್ಯಾರ್ಥಿಗೆ ಮನೆಯಲ್ಲಿ ಮುದುಕರಿಲ್ಲ, ಹೊಟ್ಟೆಯಲ್ಲಿ ಮಗುವಿಲ್ಲ, ಕಡಲೆಕಾಯಿ ಕೀಳುವ ಕಾಲಕ್ಕೆ ಹೊಲಕ್ಕೆ ಕರೆಯುವವರಿಲ್ಲ. 1927ರ ಮಹಾರಾಜ ಕಾಲೇಜಿನಲ್ಲಿ ಅಂಥ ವಿದ್ಯಾರ್ಥಿಗಳಿದ್ದಿರಬಹುದು. ಇವತ್ತು ಬೆಳಗಿನ ಬಸ್ಸಿಗೆ ನಿಲ್ಲುವವರು ಅವರಲ್ಲ. ಹೊರಗಿದ್ದವರನ್ನು ಒಳಗೆ ಕರೆಯುವ ನಿಯಮ ಬರೆದ ಮೇಲೆ, ಒಳಗೆ ಬಂದವರ ಬದುಕಿಗೆ ಹೊಂದುವಂತೆ ಮುಗಿಸುವ ನಿಯಮವನ್ನೂ ಬರೆಯಬೇಕಿತ್ತು. ಆ ಅರ್ಧ ಕೆಲಸ ಉಳಿದುಬಿಟ್ಟಿದೆ. ಪಾಸಾದ ಪೇಪರುಗಳು ಪಾಸಾದವೇ, ಉಳಿದದ್ದನ್ನು ಯಾವಾಗಲಾದರೂ ಬಂದು ಬರೆಯಿರಿ ಎಂದರೆ ಪದವಿಯ ಗುಣಮಟ್ಟಕ್ಕೆ ಏನೂ ಕಡಿಮೆಯಾಗದು. ಪ್ರಶ್ನೆಪತ್ರಿಕೆ ಅದೇ, ಪಾಸು ಅಂಕವೂ ಅದೇ. ಬದಲಾಗುವುದು ತಾರೀಖು ಮಾತ್ರ.

ಹೋದ ತಿಂಗಳು ಊರಿಗೆ ಹೋದಾಗ ಅಕ್ಕನೂ ಬಂದಿದ್ದಳು. ಡಿ.ಎಲ್.ಎನ್. ಶಿರಾದಲ್ಲೂ ಪಾವಗಡದಲ್ಲೂ ಓದಿದವರು ಎಂದು ಹೇಳಿದೆ. 'ಅವರ ಪುಸ್ತಕ ನಮಗೆ ಸೆಕೆಂಡ್ ಸೆಮ್‌ನಲ್ಲಿತ್ತು ಕಣೇ, ಗ್ರಂಥಸಂಪಾದನೆ. ಅದರಲ್ಲಿ ನಂಗೆ ಎಪ್ಪತ್ತೆರಡು' ಎಂದಳು. ಅಂಕಪಟ್ಟಿಗಳನ್ನು ಇನ್ನೂ ಇಟ್ಟುಕೊಂಡಿದ್ದೀಯಾ ಎಂದು ಕೇಳಿದೆ. ಇಟ್ಟುಕೊಂಡಿದ್ದಳು, ಲ್ಯಾಮಿನೇಟ್ ಮಾಡಿಸಿ.