ಸೋತ ವರ್ಷದ ಲೆಕ್ಕ

ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕರೂಢಿ. ಸೋತವರ ಚರಿತ್ರೆಯನ್ನು ಬರೆದಿಡುವವರು ವಿರಳ. ಆದರೂ ಬೆಂಗಳೂರಿನ ಕ್ರೀಡಾಚರಿತ್ರೆಯಲ್ಲಿ 2008ನೆಯ ಇಸವಿಯ ಸೋಲು ಮರೆಯತಕ್ಕದ್ದಲ್ಲ.

ಐಪಿಎಲ್ ಪಂದ್ಯಾವಳಿಯ ಮೊಟ್ಟಮೊದಲ ಆಟ ನಡೆದದ್ದು ಆ ವರ್ಷದ ಏಪ್ರಿಲ್ 18ರಂದು, ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ರಾಯಲ್ ಚಾಲೆಂಜರ್ಸ್ ತಂಡಕ್ಕೆ ರಾಹುಲ್ ದ್ರಾವಿಡರು ನಾಯಕರು. ಕೋಲ್ಕತ್ತದ ಪರವಾಗಿ ಮೆಕಲಮ್ ಒಬ್ಬರೇ 158 ರನ್ ಹೊಡೆದರು. ನಮ್ಮವರೆಲ್ಲ ಸೇರಿ ಕೂಡಿಸಿದ್ದು 82. ಅದರಲ್ಲಿಯೂ ಎದುರಾಳಿಗಳು ಇತರೆಯಾಗಿ ಬಿಟ್ಟುಕೊಟ್ಟ 19 ರನ್ನೇ ಎಲ್ಲಕ್ಕಿಂತ ದೊಡ್ಡ ಗಳಿಕೆ! ಕಡೆಗೆ ಹದಿನಾಲ್ಕು ಆಟಗಳಲ್ಲಿ ಗೆದ್ದದ್ದು ನಾಲ್ಕು. ಎಂಟು ತಂಡಗಳಲ್ಲಿ ಏಳನೆಯ ಸ್ಥಾನ.

ದ್ರಾವಿಡ್, ಕುಂಬ್ಳೆ, ಕಾಲಿಸ್, ಜಾಫರ್ ಇವರೆಲ್ಲರೂ ಐದು ದಿನಗಳ ಆಟದಲ್ಲಿ ಪಳಗಿದ ಕೈಗಳು. ಮೂರು ಗಂಟೆಯ ಆಟಕ್ಕೆ ಟೆಸ್ಟ್ ತಂಡವನ್ನು ಕಳುಹಿಸಿದ್ದಾರೆಂದು ಜನ ನಕ್ಕರು. ನಮ್ಮ ಯಶವಂತಪುರದ ಹೋಟೆಲುಗಳಲ್ಲಿಯೂ ಕಾಫಿಯೊಡನೆ ಅದೇ ಮಾತು: ಇವರ ಕಾಲ ಮುಗಿಯಿತು.

ಮರುವರ್ಷ ಚುನಾವಣೆಯ ನಿಮಿತ್ತ ಪಂದ್ಯಾವಳಿ ದಕ್ಷಿಣ ಆಫ್ರಿಕಕ್ಕೆ ಸಾಗಿತು. ಕೇಪ್‌ಟೌನಿನಲ್ಲಿ ಅದೇ ಏಪ್ರಿಲ್ 18ರಂದು, ಹಿಂದಿನ ವರ್ಷ ಗೆದ್ದಿದ್ದ ರಾಜಸ್ಥಾನದ ಎದುರು ದ್ರಾವಿಡರು 66 ರನ್ ಗಳಿಸಿದರು. ಕುಂಬ್ಳೆಯವರು 5 ರನ್ನಿಗೆ 5 ವಿಕೆಟ್ ಕಿತ್ತರು. ರಾಜಸ್ಥಾನ 58ಕ್ಕೆ ಕುಸಿಯಿತು. ಕುಂಬ್ಳೆಯವರ ನಾಯಕತ್ವದಲ್ಲಿ ತಂಡ ಅಂತಿಮ ಪಂದ್ಯವನ್ನೂ ಮುಟ್ಟಿ, ಹೈದರಾಬಾದಿಗೆ ಕೇವಲ 6 ರನ್ನುಗಳಿಂದ ಸೋತಿತು. ಪ್ರಶಸ್ತಿ ಕೈಸೇರಲು 2025ರವರೆಗೆ ಕಾಯಬೇಕಾಯಿತೆಂಬುದು ಬೇರೆ ಮಾತು.

ಹೊಸ ಆಟದ ಹದ ಹಿಡಿಯಲು ಆ ಹಿರಿಯರಿಗೆ ಬೇಕಾದದ್ದು ಒಂದು ವರ್ಷ. ಅಷ್ಟು ತಾಳ್ಮೆ ನಮ್ಮಲ್ಲಿ ಎಷ್ಟು ಮಂದಿಗಿತ್ತು?