ಮೈಯಿಲ್ಲದ ಮಾತು

ಮಥುರೆಯ ಬೀದಿಯಲ್ಲಿ ಮದುವೆಯ ದಿಬ್ಬಣ. ಬಳುವಳಿಯಾಗಿ ಬಂದ 400 ಆನೆಗಳು, ಅವುಗಳ ಕೊರಳಲ್ಲಿ ಚಿನ್ನದ ಸರ. ಹಿಂದೆ 15,000 ಕುದುರೆ, 1,800 ರಥ. ಇದು ಭಾಗವತದ ದಶಮಸ್ಕಂಧ ಕೊಡುವ ಲೆಕ್ಕ. ಮದುಮಕ್ಕಳ ರಥದ ಲಗಾಮು ಹಿಡಿದಿರುವವನು ಖುದ್ದು ಕಂಸ. ದೇವಕಿ ಅವನ ಒಡಹುಟ್ಟಿದವಳೇನಲ್ಲ, ಅವನಪ್ಪ ಉಗ್ರಸೇನನ ಸೋದರ ದೇವಕನ ಮಗಳು. ಆದರೂ ತಂಗಿಯನ್ನು ಗಂಡನ ಮನೆಗೆ ತಾನೇ ಬಿಟ್ಟು ಬರಬೇಕೆಂಬ ಅಕ್ಕರೆ. ಆ ಅಕ್ಕರೆಯ ನಡುವೆಯೇ ಮೇಲಿಂದ ಮಾತು ಬಿತ್ತು: ಇವಳ ಎಂಟನೆಯ ಮಗುವಿನ ಕೈಯಲ್ಲಿ ಅವನಿಗೆ ಸಾವು.

ಆ ಮಾತನ್ನು ಭಾಗವತ ‘ಅಶರೀರವಾಕ್’ ಎಂದು ಕರೆಯುತ್ತದೆ. ಕನ್ನಡದ ಬಾಯಲ್ಲಿ ಅದು ಅಶರೀರವಾಣಿ, ಇಲ್ಲವೇ ಆಕಾಶವಾಣಿ. ಕಥೆ ಹೇಳುವ ಅಜ್ಜಿಗೆ ಎರಡೂ ಒಂದೇ. ಆದರೆ ಪದ ಬಿಡಿಸಿ ನೋಡುವ ಚಟ ಇರುವವರಿಗೆ ಅವು ಒಂದಲ್ಲ. ಆಕಾಶವಾಣಿ ಎಂದರೆ ಮಾತಿನ ವಿಳಾಸ ಸಿಕ್ಕಿತು. ಅಶರೀರವಾಣಿ ಎಂದರೆ ಆ ವಿಳಾಸದಲ್ಲಿ ಯಾರೂ ಇಲ್ಲವೆಂದು ಗೊತ್ತಾಯಿತು.

ಕಂಸನ ಫಜೀತಿಯೆಲ್ಲ ಇರುವುದು ಇಲ್ಲಿ. ಬಾಯಿಗಳನ್ನು ಹೇಗೆ ಮುಚ್ಚಿಸಬೇಕೆಂದು ಅವನಿಗೆ ಚೆನ್ನಾಗಿ ಗೊತ್ತು. ಮುಂದೆ ಹೆತ್ತ ಅಪ್ಪನನ್ನೇ ಸೆರೆಗೆ ತಳ್ಳಿ ಗದ್ದುಗೆ ಹಿಡಿದವನು. ಜೋಯಿಸ ಹೇಳಿದ್ದರೆ ಗಡೀಪಾರು ಮಾಡಬಹುದಿತ್ತು, ಹೊನ್ನು ಕೊಟ್ಟು ಬೇರೆ ಜಾತಕ ಬರೆಸಬಹುದಿತ್ತು. ಗಂಟಲೇ ಇಲ್ಲದ ದನಿಯ ಯಾವ ಗಂಟಲನ್ನು ಹಿಸುಕುವುದು? ಆಕಾಶಕ್ಕೆ ಎತ್ತಿದ ಕತ್ತಿ ಕೆಳಗಿಳಿಯಲೇಬೇಕು. ಅದು ಕೈಗೆಟುಕುವಷ್ಟು ಹತ್ತಿರದಲ್ಲಿದ್ದ ಮದುಮಗಳ ಕಡೆ ತಿರುಗಿತು. ಲಗಾಮು ಹಿಡಿದಿದ್ದ ಕೈ ಅವಳ ಮುಡಿ ಹಿಡಿಯಿತು.

ವಸುದೇವ ಹುಟ್ಟುವ ಮಕ್ಕಳನ್ನೆಲ್ಲ ತಂದೊಪ್ಪಿಸುತ್ತೇನೆಂದು ಮಾತು ಕೊಟ್ಟು ಆ ಹೊತ್ತಿಗೆ ಹೆಂಡತಿಯನ್ನು ಉಳಿಸಿಕೊಂಡ. ಚೊಚ್ಚಲ ಮಗು ಕೀರ್ತಿಮಂತನನ್ನು ನಿಜವಾಗಿಯೂ ತಂದು ಎದುರಿಗಿಟ್ಟ. ಕಂಸ ನಕ್ಕು, ಭಯವಿರುವುದು ಎಂಟನೆಯದರಿಂದ ತಾನೆ, ಇದನ್ನು ಮನೆಗೆ ಕರೆದುಕೊಂಡು ಹೋಗು ಎಂದ. ಕಂಸನ ಬಗ್ಗೆ ಮಾತಾಡುವವರು ಈ ಪ್ರಸಂಗವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಕಿವಿಗೆ ಬಿದ್ದದ್ದನ್ನು ಅಕ್ಷರಶಃ ನಂಬಿದ್ದವರೆಗೆ ಅವನಲ್ಲಿ ನ್ಯಾಯವಿತ್ತು. ಆಮೇಲೆ ನಾರದ ಬಂದ, ಯಾದವರೆಲ್ಲ ದೇವತೆಗಳ ಪಾಳಯವೆಂದು ಊದಿದ. ಕಂಸ ಕೀರ್ತಿಮಂತನಿಂದ ಮೊದಲುಮಾಡಿ ಆರು ಕೂಸುಗಳನ್ನು ಕೊಂದ. ಹರಿಕಥೆಯ ನಾರದನಂತೂ ಎಂಟೆಸಳ ತಾವರೆ ಹಿಡಿದು, ಇದರಲ್ಲಿ ಎಂಟನೆಯ ಎಸಳು ಯಾವುದು ಹೇಳು ಎನ್ನುತ್ತಾನೆ. ಎಲ್ಲಿಂದ ಎಣಿಸಲು ಶುರುಮಾಡಿದರೆ ಯಾವುದು ಎಂಟನೆಯದು! ಭವಿಷ್ಯ ಕೇಳಿದವನು ಅದರ ವ್ಯಾಖ್ಯಾನ ಕೇಳಲು ಹೋಗಿ ಕೆಟ್ಟ.

ಎಲ್ಲ ಕಥೆಗಳಲ್ಲೂ ಆಕಾಶವೇ ಮಾತಾಡುತ್ತದೆ ಎಂದೇನಿಲ್ಲ. ಹರಿವಂಶದಲ್ಲಿ ಸುದ್ದಿ ತರುವವನು ನಾರದನೇ. ಜೈನ ಪರಂಪರೆಯಲ್ಲಿ ಹೇಳುವವರು ಅತಿಮುಕ್ತಕ ಎಂಬ ಮುನಿ. ಭಿಕ್ಷೆಗೆ ಬಂದ ಅವರನ್ನು ಕಂಸನ ಹೆಂಡತಿ, ಜರಾಸಂಧನ ಮಗಳು ಜೀವದ್ಯಶೆ, ಛೇಡಿಸುತ್ತಾಳೆ. ದೇವಕಿಯ ಮಗನಿಂದ ನಿನ್ನ ಗಂಡನಿಗೂ ಅಪ್ಪನಿಗೂ ಸಾವು ಎಂಬ ಉತ್ತರ ಪಡೆಯುತ್ತಾಳೆ. ಅದೇ ಪರಂಪರೆ ಕಂಸನ ಹೆಸರಿಗೂ ಕಾರಣ ಕೊಡುತ್ತದೆ. ಅಪಶಕುನದ ಕೂಸೆಂದು ಕಂಚಿನ ಪೆಟ್ಟಿಗೆಯಲ್ಲಿಟ್ಟು ಯಮುನೆಯಲ್ಲಿ ತೇಲಿಬಿಟ್ಟರಂತೆ, ಕಾಂಸ್ಯದಲ್ಲಿ ಸಿಕ್ಕವನು ಕಂಸನಾದ. ಭವಿಷ್ಯಕ್ಕೆ ಹೆದರಿ ದೊಡ್ಡವರು ಹೊರಗೆಸೆದ ಮಗು, ಬೆಳೆದು, ಭವಿಷ್ಯಕ್ಕೆ ಹೆದರಿ ಮಕ್ಕಳನ್ನು ಕೊಲ್ಲುವವನಾಯಿತು. ಕಥೆಯಾಗಿ ಇದರ ಹೆಣಿಗೆ ಬಿಗಿ. ಆದರೆ ಇಲ್ಲಿ ಮಾತಿಗೆ ಮೈಯಿದೆ, ಮೈಗೆ ಅವಮಾನವಾಗಿದೆ, ಅದಕ್ಕೇ ಭವಿಷ್ಯ ಶಾಪದ ಹಾಗೆ ಕೇಳಿಸುತ್ತದೆ. ವಿಷ್ಣುಪುರಾಣವೂ ಭಾಗವತವೂ ಆ ಮೈಯನ್ನು ತೆಗೆದುಹಾಕಿದವು. ಈ ದನಿಗೆ ಕಂಸನ ಮೇಲೆ ಸಿಟ್ಟಿಲ್ಲ. ಸುಮ್ಮನೆ ತಿಳಿಸಿತು, ಹೋಯಿತು.

ಕಾವ್ಯಗಳಲ್ಲಿ ಈ ದನಿಯ ಕೆಲಸವೂ ಬಹುಪಾಲು ಅಂಥದ್ದೇ, ಸಾಕ್ಷಿ ಹೇಳುವುದು. ಮಹಾಭಾರತದಲ್ಲಿ ತುಂಬಿದ ಸಭೆಯಲ್ಲಿ ದುಷ್ಯಂತ ಶಕುಂತಲೆಯನ್ನು ಅರಿಯೆನೆಂದಾಗ, ಮಗು ಅವನದೇ ಎಂದು ಹೇಳಲು ಅಶರೀರವಾಣಿ ಬರಬೇಕಾಯಿತು. ಕಾಳಿದಾಸನ ನಾಟಕದಲ್ಲಿ ಸಾಕುಮಗಳು ಬಸುರಿಯೆಂದು ಕಣ್ವರಿಗೆ ತಿಳಿಸುವುದೂ ಅಗ್ನಿಶಾಲೆಯಲ್ಲಿ ಕೇಳಿಬಂದ ದೇಹವಿಲ್ಲದ ದನಿ. ಮನುಷ್ಯರು ಹೇಳಿದರೆ ನಂಬದ, ಅಥವಾ ಹೇಳಲು ಮುಜುಗರಪಡುವ ಸಂಗತಿಗಳಿಗೆ ಕವಿಗಳು ಇಟ್ಟುಕೊಂಡಿದ್ದ ಅಂಚೆಯಾಳು ಅದು.

ಕಂಸನಿಗೆ ಆಕಾಶ ಎರಡು ಸಲ ಮಾತಾಡಿತು. ಎರಡನೆಯದು ಸೆರೆಮನೆಯಲ್ಲಿ. ಎಂಟನೆಯದೆಂದು ಕೊಟ್ಟ ಹೆಣ್ಣುಕೂಸನ್ನು ಕಲ್ಲಿಗೆ ಅಪ್ಪಳಿಸಹೋದಾಗ ಅದು ಕೈಜಾರಿ ಮೇಲೇರಿ, ನಿನ್ನ ಹಗೆ ಬೇರೆಲ್ಲೋ ಹುಟ್ಟಿಯಾಗಿದೆ ಎಂದಿತು. ಆಗ ಕಂಸ ಆಡುವ ಮಾತು ಇಡೀ ಕಥೆಯಲ್ಲೇ ಅತಿ ಮಾನವೀಯವಾದದ್ದು. ಮನುಷ್ಯರಷ್ಟೇ ಅಲ್ಲ, ದೈವವೂ ಸುಳ್ಳು ಹೇಳುತ್ತದೆ, ಅದನ್ನು ನಂಬಿ ತಂಗಿಯ ಮಕ್ಕಳನ್ನು ಕೊಂದೆನಲ್ಲಾ ಎಂದು ಹಲುಬಿ, ದೇವಕಿ ವಸುದೇವರ ಸಂಕೋಲೆ ಬಿಚ್ಚಿಸುತ್ತಾನೆ, ಕಾಲಿಗೆ ಬಿದ್ದು ಅಳುತ್ತಾನೆ. ಬೆಳಗಾಗುವ ಹೊತ್ತಿಗೆ ಮಂತ್ರಿಗಳು ಬಂದರು. ಹತ್ತು ದಿನ ಆಚೀಚಿನ ಕೂಸುಗಳನ್ನೆಲ್ಲ ಮುಗಿಸಿಬಿಡೋಣ ಎಂದರು. ಈ ಸಲಹೆಗಾರರಿಗೆಲ್ಲ ಶರೀರವಿತ್ತು, ಸಂಬಳವೂ ಇದ್ದಿರಬೇಕು.

ಪೂತನಿ, ಬಕ, ಅಘ, ಕಳಿಸಿದವರೆಲ್ಲ ಸತ್ತ ಮೇಲೆ ಕಂಸ ಕೊನೆಗೆ ಮಾಡಿದ್ದು ವಿಚಿತ್ರ. ಯಾರಿಂದ ಓಡಬೇಕಿತ್ತೋ ಅವನನ್ನು ಬಿಲ್ಲಹಬ್ಬದ ನೆಪದಲ್ಲಿ, ಅಕ್ರೂರನ ಕೈಯಲ್ಲಿ ರಥ ಕಳಿಸಿ, ಮನೆಗೇ ಕರೆಸಿಕೊಂಡ. ಹಿಂದಿನ ರಾತ್ರಿ ಅವನಿಗೆ ನಿದ್ದೆಯಿಲ್ಲ. ಪ್ರತಿಬಿಂಬ ನೋಡಿಕೊಂಡರೆ ತಲೆಯೇ ಕಾಣುವುದಿಲ್ಲ. ಮೈಯಿಲ್ಲದ ಮಾತಿನಿಂದ ಶುರುವಾದದ್ದು ತಲೆಯಿಲ್ಲದ ಮೈಗೆ ಬಂದು ನಿಂತಿತ್ತು. ಮರುದಿನ ಕೃಷ್ಣ ಎತ್ತರದ ಮಂಚಕ್ಕೆ ನೆಗೆದು ಮೊದಲು ಹಿಡಿದದ್ದು ಅವನ ತಲೆಗೂದಲನ್ನು. ದಿಬ್ಬಣದ ದಿನ ಕಂಸ ಹಿಡಿದದ್ದೂ ಅದನ್ನೇ, ದೇವಕಿಯದನ್ನು.

ಇಷ್ಟೆಲ್ಲ ಭಯ ಹೊತ್ತ ಪದಕ್ಕೆ ಮೈಸೂರಿನಲ್ಲಿ ಮೈ ಬಂತು. 1935ರ ಸೆಪ್ಟೆಂಬರಿನಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ 30 ವಾಟ್ ಶಕ್ತಿಯ ಪುಟ್ಟ ಯಂತ್ರವಿಟ್ಟು ಬಾನುಲಿ ಕೇಂದ್ರ ತೆರೆದರು. ಅದಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಹೆಸರು ಸೂಚಿಸಿದವರು ನಾ. ಕಸ್ತೂರಿ ಎಂದು ಮೈಸೂರಿನವರು ಹೇಳುತ್ತಾರೆ. ‘ಅನರ್ಥಕೋಶ’ ಎಂಬ ನಗೆಯ ನಿಘಂಟು ಬರೆದವರಿಗೆ ಈ ಹೆಸರು ಹೊಳೆದದ್ದು ಸಹಜವೇ. ಮಾತಾಡುವವನು ಕಾಣುವುದಿಲ್ಲ, ಮಾತು ಗಾಳಿಯಲ್ಲಿ ಬರುತ್ತದೆ. ಪುರಾಣದ ಪದ ಹೊಸ ಯಂತ್ರಕ್ಕೆ ಅಳತೆ ತೆಗೆದು ಹೊಲಿದಂತೆ ಕೂತಿತು. ದೆಹಲಿಯ ಸಂಸ್ಥೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ತಾಳಿದ್ದು 1936ರಲ್ಲಿ. ಆಕಾಶವಾಣಿಯನ್ನು ಅದು ತನ್ನದಾಗಿಸಿಕೊಂಡದ್ದು 1950ರ ದಶಕದಲ್ಲಿ. 2023ರಲ್ಲಿ ಇಂಗ್ಲಿಷ್ ಹೆಸರನ್ನು ಬಿಟ್ಟು ಆಕಾಶವಾಣಿ ಒಂದನ್ನೇ ಬಳಸಬೇಕೆಂದು ಆದೇಶವಾಯಿತು. ತಮಿಳರು ಮಾತ್ರ ತಮ್ಮದೇ ‘ವಾನೊಲಿ’ಯನ್ನು ಬಿಟ್ಟುಕೊಟ್ಟಿಲ್ಲ. ಅದರ ಒಡಹುಟ್ಟಿನಂತಿರುವ ಕನ್ನಡದ ‘ಬಾನುಲಿ’ ಸೊಗಸಾದ ಪದ, ಅದರೊಳಗೆ ಕಂಸನ ನೆರಳಿಲ್ಲ. ಬಹುಶಃ ಅದಕ್ಕೇ ಅದು ಲೇಖನಗಳಲ್ಲಿ ಬಾಳಿತು, ಪೆಟ್ಟಿಗೆಯ ಎದುರು ಕೂತವರ ಬಾಯಿಗೆ ಬರಲಿಲ್ಲ.

ಪದ ಉಳಿಯಿತು, ಪಾತ್ರಗಳು ಅದಲುಬದಲಾದವು. ಮಥುರೆಯಲ್ಲಿ ಆಕಾಶ ಮಾತಾಡಿತ್ತು, ಅರಸ ನಡುಗಿದ್ದ. 1975ರ ಜೂನ್ 26ರ ಬೆಳಿಗ್ಗೆ ತುರ್ತುಪರಿಸ್ಥಿತಿಯ ಸುದ್ದಿಯನ್ನು ದೇಶಕ್ಕೆ ತಿಳಿಸಿದ ದನಿ ಪ್ರಧಾನಿ ಇಂದಿರಾ ಗಾಂಧಿಯವರದು, ಬಂದದ್ದು ಆಕಾಶವಾಣಿಯಲ್ಲಿ. ಎರಡು ವಾರದ ಹಿಂದೆ, ಜೂನ್ 12ರಂದು, ಅಲಹಾಬಾದ್ ಹೈಕೋರ್ಟ್ ಅವರ ಚುನಾವಣೆಯನ್ನು ಅಸಿಂಧುಗೊಳಿಸಿತ್ತು. ಆ ತೀರ್ಪಿನ ಮಾತಿಗೆ ನ್ಯಾಯಾಧೀಶರಿದ್ದರು, ಸಹಿಯಿತ್ತು, ಮೊಹರಿತ್ತು. ಈ ಸಲ ಗದ್ದುಗೆಯ ಕೈಯಲ್ಲಿದ್ದದ್ದು ಮುಗಿಲಿನ ಮೈಕು.

ಮನೆಮಾತಿನಲ್ಲಿ ಪದ ತನ್ನ ಪಾಡಿಗೆ ತಾನು ಸಣ್ಣ ಕೆಲಸಗಳನ್ನು ಮಾಡಿಕೊಂಡಿದೆ. ತಡವಾಗಿ ಬುದ್ಧಿ ಬಂದವನನ್ನು ‘ಏನು, ಅಶರೀರವಾಣಿ ಆಯ್ತಾ?’ ಎಂದು ಕೆಣಕಬಹುದು. ಯಾರೆಂದು ಹೇಳದೆ ಫೋನಿನಲ್ಲಿ ಗದರಿದವನೂ ಅಶರೀರವಾಣಿ, ಲಿಫ್ಟಿನಲ್ಲಿ ಮಹಡಿಯ ಸಂಖ್ಯೆ ಹೇಳುವ ಹೆಂಗಸಿನ ದನಿಯೂ ಅದೇ. ಕಚೇರಿಗಳಲ್ಲಿ ‘ಮೇಲಿಂದ ಬಂದಿದೆ’ ಎಂಬ ಮಾತು ಕೇಳಿದಾಗ ‘ಯಾರಿಂದ?’ ಎಂದು ತಿರುಗಿ ಕೇಳುವ ಪದ್ಧತಿಯಿಲ್ಲ. ಕಂಸನೂ ಕೇಳಲಿಲ್ಲ.

ಸತ್ತು ಎಷ್ಟೋ ಕಾಲವಾದ ಕಂಸನನ್ನು ‘ಕೊಲ್ಲಿಸುತ್ತಾನೆ’ ಎಂದು ವರ್ತಮಾನಕಾಲದಲ್ಲಿ ಹೇಳುವುದು ಹೇಗೆ ಸರಿ ಎಂದು ಎರಡು ಸಾವಿರ ವರ್ಷಕ್ಕೂ ಹಿಂದೆ ಪತಂಜಲಿ ಮಹಾಭಾಷ್ಯದಲ್ಲಿ ಚರ್ಚಿಸಿದ್ದಾನೆ. ಆಡಿ ತೋರಿಸುವವರು, ಚಿತ್ರ ಬರೆಯುವವರು, ಕಥೆ ಹೇಳುವವರು ಅವನನ್ನು ಕಣ್ಣೆದುರೇ ಕೊಲ್ಲಿಸುತ್ತಿರುತ್ತಾರಲ್ಲ, ಅದಕ್ಕೆ ಸರಿ ಎನ್ನುತ್ತಾನೆ. ಕರಾವಳಿಯ ಬಯಲಿನಲ್ಲಿ ‘ಕಂಸವಧೆ’ ಯಕ್ಷಗಾನದ ರಾತ್ರಿ ಅದು ವ್ಯಾಕರಣವಾಗಿ ಉಳಿದಿರುವುದಿಲ್ಲ. ಕನಸು ಕಂಡ ಕಂಸ ಕಿರೀಟವಿಲ್ಲದೆ ಎದ್ದು ನಿಂತಿದ್ದಾನೆ, ಬೆವರಿದ್ದಾನೆ, ಮಂಚದ ಆಚೀಚೆ ಹುಡುಕುತ್ತಿದ್ದಾನೆ. ಚೆಂಡೆ ನಿಂತಿದೆ. ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಮಲಗಿದ್ದ ಮಗುವೊಂದು ಆ ಸದ್ದಿಲ್ಲದ್ದಕ್ಕೇ ಎಚ್ಚರಗೊಂಡು ಮೇಲೆ ನೋಡುತ್ತದೆ.