ಕಾಳಿಯ ಕಲ್ಲು, ಪಗ್ಗಿನ ಮೂಗು

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಾಸನವಿದೆ. ಕ್ರಿ.ಶ. 949-50ರ ಈ ಕಲ್ಲು ದೊರೆತದ್ದು ಮದ್ದೂರು ಸೀಮೆಯ ಆತಕೂರಿನಲ್ಲಿ. ತಕ್ಕೋಲದ ಯುದ್ಧದ ಪ್ರಸ್ತಾಪವಿರುವುದರಿಂದ ಇತಿಹಾಸಕಾರರಿಗೆ ಇದು ಅಮೂಲ್ಯ. ಚೆನ್ನೈನ ಕನ್ನಡಿಗರಿಗೆ ತಕ್ಕೋಲ ದೂರದ ಊರೇನಲ್ಲ. ಅರಕ್ಕೋಣಂ ಬಳಿಯಲ್ಲೇ ಇದೆ. ಅಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳರೊಡನೆ ಕಾದಿದ. ಬೂತುಗನ ಕಡೆಯ ವೀರ ಮಣಲೆರನ ಪರಾಕ್ರಮಕ್ಕೆ ಒಡೆಯ ಮೆಚ್ಚಿ, ಬೇಕಾದುದನ್ನು ಕೇಳೆಂದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಣಲೆರ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ.

ಕಲ್ಲಿನ ಮೇಲೆ ನಾಯಿ ಹಂದಿಗಳ ಸೆಣಸಾಟದ ಶಿಲ್ಪವಿದೆ. ಶಾಸನ ಸ್ಮರಿಸುವುದು ಕಾಳಿಯ ಕೆಚ್ಚನ್ನು. ಅದರ ಬಣ್ಣವನ್ನಲ್ಲ, ಕಿವಿಯ ಅಂದವನ್ನಲ್ಲ. ಮನುಷ್ಯ ನಾಯಿಯನ್ನು ಬಹುಕಾಲ ಅಳೆದದ್ದು ಹೀಗೆಯೇ: ಅದು ಏನು ಮಾಡಬಲ್ಲದು? ಶ್ರೀಮಂತರ ಮಡಿಲಿನ ನಾಯಿಗಳು ಹಿಂದೆಯೂ ಇದ್ದವು, ನಿಜ. ಆದರೆ ಇಡೀ ನಾಯಿಕುಲವನ್ನು ‘ಅದು ಹೇಗೆ ಕಾಣುತ್ತದೆ?’ ಎಂಬ ಪ್ರಶ್ನೆಯ ಮುಂದೆ ನಿಲ್ಲಿಸಿದ್ದು ತೀರ ಈಚಿನ ಸಂಗತಿ. ಅದರ ತೌರು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡ್.

ಬುಲ್‌ಡಾಗಿನ ಕಥೆಯಲ್ಲಿ ಈ ಪಲ್ಲಟ ಸ್ಪಷ್ಟವಾಗಿ ಕಾಣುತ್ತದೆ. ಕಟ್ಟಿಹಾಕಿದ ಗೂಳಿಯ ಮೇಲೆ ನಾಯಿಯನ್ನು ಛೂ ಬಿಡುವ ಕ್ರೂರ ವಿನೋದಕ್ಕಾಗಿ ಬೆಳೆದ ತಳಿ ಅದು. 1835ರ ಕಾಯಿದೆ ಆ ಆಟವನ್ನು ನಿಷೇಧಿಸಿತು. ಪ್ರಾಣಿದಯೆಯ ಇತಿಹಾಸದಲ್ಲಿ ಅದೊಂದು ದೊಡ್ಡ ಹೆಜ್ಜೆ. ಆದರೆ ಕೆಲಸ ಕಳೆದುಕೊಂಡ ಬುಲ್‌ಡಾಗ್ ಉಳಿಯಬೇಕಾದರೆ ಬೇರೊಂದು ಕಾರಣ ಬೇಕಿತ್ತು. ಆ ಕಾರಣವನ್ನು ಒದಗಿಸಿದ್ದು ಪ್ರದರ್ಶನದ ಅಂಗಳ. 1859ರಲ್ಲಿ ನ್ಯೂಕ್ಯಾಸಲ್‌ನಲ್ಲಿ ಪಾಯಿಂಟರ್ ಮತ್ತು ಸೆಟರ್ ನಾಯಿಗಳ ಸ್ಪರ್ಧೆ ನಡೆಯಿತು. ಗೆದ್ದವರಿಗೆ ಬಂದೂಕು ಬಹುಮಾನ. ಬೇಟೆಯ ನೆನಪು ಬಹುಮಾನದಲ್ಲಿ ಉಳಿದಿತ್ತು, ಪರೀಕ್ಷೆಯಲ್ಲಿ ಇರಲಿಲ್ಲ. 1873ರಲ್ಲಿ ಕೆನಲ್ ಕ್ಲಬ್ ಹುಟ್ಟಿತು. 1891ರಲ್ಲಿ, ನಾಯಿ ಬಿಸ್ಕತ್ತಿನ ವ್ಯಾಪಾರದಲ್ಲಿ ಪಳಗಿದ್ದ ಚಾರ್ಲ್ಸ್ ಕ್ರಫ್ಟ್ ತನ್ನ ಹೆಸರಿನ ಪ್ರದರ್ಶನ ಆರಂಭಿಸಿದ. ತಲೆ ಹೀಗಿರಬೇಕು, ಬಾಲ ಹೀಗಿರಬೇಕು ಎಂಬ ಲಿಖಿತ ಮಾನದಂಡಗಳು ಬಂದವು. ಕ್ಲಬ್ಬುಗಳ ಈ ಗತ್ತನ್ನು ವರ್ಜೀನಿಯಾ ವುಲ್ಫ್ 1933ರಲ್ಲಿ ‘ಫ್ಲಶ್’ ಎಂಬ ಕೃತಿಯಲ್ಲಿ ನವಿರಾಗಿ ಗೇಲಿ ಮಾಡಿದ್ದಾರೆ. ಅದು ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಅವರ ಸ್ಪೇನಿಯಲ್ ನಾಯಿಯ ಜೀವನಚರಿತ್ರೆ.

ಮಾನದಂಡವೆಂದರೆ ಒಂದು ಮಿತಿ ಎಂದುಕೊಳ್ಳುತ್ತೇವೆ. ಸ್ಪರ್ಧೆಯಲ್ಲಿ ಅದು ಏಣಿಯಾಗುತ್ತದೆ. ಮೂಗು ಗಿಡ್ಡವಿರಬೇಕು ಎಂದು ಬರೆದರೆ, ಇನ್ನೂ ಗಿಡ್ಡ ಮೂಗಿನದು ಗೆಲ್ಲುತ್ತದೆ. ಗೆದ್ದ ನಾಯಿಯ ಮರಿಗಳಿಗೆ ಬೇಡಿಕೆ ಹೆಚ್ಚುತ್ತದೆ. ಗೆಲುವಿನ ಗುಣ ನಿಲ್ಲಲೆಂದು ಹತ್ತಿರದ ರಕ್ತದಲ್ಲೇ ಕೂಡಿಸುತ್ತಾರೆ. ಹೀಗೆ ತಲೆಮಾರು ತಲೆಮಾರಿಗೂ ಮೂತಿ ಹಿಂದೆ ಸರಿಯುತ್ತದೆ. 1745ರಲ್ಲಿ ವಿಲಿಯಂ ಹೋಗಾರ್ತ್ ತನ್ನ ಪಗ್‌ನೊಡನೆ ಬರೆದುಕೊಂಡ ಚಿತ್ರ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಅದರಲ್ಲಿರುವ ಪಗ್‌ಗೆ ಮೂತಿ ಎಂಬುದೊಂದಿದೆ. ಇಂದಿನ ಪಗ್‌ನ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಒಂದೇ ತಳಿಯೆಂದು ನಂಬುವುದು ಕಷ್ಟ.

ತಲೆಬುರುಡೆ ಕುಗ್ಗಿದಷ್ಟು ಅದರೊಳಗಿನ ಮಾಂಸಲ ಭಾಗಗಳು ಕುಗ್ಗುವುದಿಲ್ಲ. ಅಂಗುಳಿನ ಹಿಂಭಾಗ ಗಂಟಲಿಗೆ ಇಳಿಬಿದ್ದು ಗಾಳಿಯ ದಾರಿಯನ್ನು ಅಡ್ಡಗಟ್ಟುತ್ತದೆ. ಮೂಗಿನ ಹೊಳ್ಳೆಗಳು ಸೀಳಿನಂತೆ ಕಿರಿದಾಗುತ್ತವೆ. ನಾವು ಮುದ್ದೆಂದು ನಗುವ ಆ ಗೊರಕೆ, ಗಾಳಿಗಾಗಿ ನಡೆಯುವ ಹೆಣಗಾಟ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ತೇಕಿಯೇ ಅದು ಮೈ ತಣಿಸಿಕೊಳ್ಳಬೇಕು. ತೇಕಲು ದಾರಿಯಿಲ್ಲದ ನಾಯಿಗೆ ಬೇಸಿಗೆಯೇ ಒಂದು ಕಾಯಿಲೆ. ಚಪ್ಪಟೆ ಮುಖದಲ್ಲಿ ಹೊರಚಾಚಿದ ಕಣ್ಣುಗಳಿಗೆ ಸುಲಭವಾಗಿ ಗಾಯವಾಗುತ್ತದೆ, ಚರ್ಮದ ಮಡಿಕೆಗಳಲ್ಲಿ ಸೋಂಕು ಕೂರುತ್ತದೆ. ಬುಲ್‌ಡಾಗ್ ಮರಿಗಳ ತಲೆ ದೊಡ್ಡದು, ತಾಯಿಯ ಸೊಂಟ ಕಿರಿದು. ಬ್ರಿಟನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ತಳಿಯ ಹೆರಿಗೆಗಳಲ್ಲಿ ಶೇ. 80ಕ್ಕೂ ಹೆಚ್ಚು ಸಿಸೇರಿಯನ್ ಆಗಿದ್ದವು. ಮನುಷ್ಯನ ಶಸ್ತ್ರವಿಲ್ಲದೆ ಹುಟ್ಟಲೂ ಆಗದ ಸ್ಥಿತಿಗೆ ಒಂದು ಪ್ರಾಣಿಯನ್ನು ಕೊಂಡೊಯ್ದದ್ದು ಯಾವ ರೋಗವೂ ಅಲ್ಲ, ನಮ್ಮ ಅಭಿರುಚಿ.

ಈ ಕಥೆಗೆ ಭಾರತದ ಒಂದು ಹಳೆಯ ಅಡಿಟಿಪ್ಪಣಿಯೂ ಇದೆ. ಸಾಕುಪ್ರಾಣಿ ಮತ್ತು ಸಸ್ಯಗಳ ಮಾರ್ಪಾಡು ಕುರಿತು 1868ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಡಾರ್ವಿನ್, ಇಲ್ಲಿಗೆ ತಂದ ಬುಲ್‌ಡಾಗ್‌ಗಳು ಎರಡು ಮೂರು ತಲೆಮಾರುಗಳಲ್ಲಿ ಮುಂಚಾಚಿದ ಕೆಳದವಡೆಯನ್ನು ಕಳೆದುಕೊಂಡು, ಮೂತಿ ನವಿರಾಗಿ, ಮೈ ಹಗುರಾಗುತ್ತಿದ್ದವೆಂದು ಬರೆಯುತ್ತಾನೆ. ದಿಲ್ಲಿಯಲ್ಲಿ ಎವರೆಸ್ಟ್ ಎಂಬ ಪಾದ್ರಿ ಎಷ್ಟೇ ಎಚ್ಚರ ವಹಿಸಿದರೂ ಸೆಟರ್ ಮರಿಗಳು ತಾಯ್ತಂದೆಗಳಂತೆ ಆಗಲಿಲ್ಲವೆಂಬ ವರದಿಯನ್ನೂ ಕೊಡುತ್ತಾನೆ. ಇದಕ್ಕೆ ಹವೆಯೇ ಕಾರಣವೆಂಬ ಅಂದಿನ ತರ್ಕವನ್ನು ಇಂದಿನ ತಳಿಶಾಸ್ತ್ರ ಹಾಗೆಯೇ ಒಪ್ಪದು. ಆದರೂ ಒಂದು ಮಾತು ಉಳಿಯುತ್ತದೆ: ಅಂಥ ಆಕಾರ ತಾನಾಗಿ ನಿಲ್ಲುವುದಿಲ್ಲ, ಮನುಷ್ಯ ಪಟ್ಟುಹಿಡಿದು ನಿಲ್ಲಿಸಬೇಕು.

ನಮ್ಮ ಕಾಲದಲ್ಲಿ ಆ ಪಟ್ಟನ್ನು ಹಿಡಿದದ್ದು ಜಾಹೀರಾತು. 2003ರಲ್ಲಿ ಹಚ್ ಕಂಪನಿಯ ಜಾಹೀರಾತಿನಲ್ಲಿ ಒಬ್ಬ ಹುಡುಗನ ಹಿಂದೆ ಹಿಂದೆಯೇ ಓಡುವ ಪಗ್ ದೇಶದ ಮನಸ್ಸನ್ನು ಗೆದ್ದಿತು. ಪಗ್ ಮನೆಮನೆಯ ಆಸೆಯಾಯಿತು. ದಿಲ್ಲಿಯ ಸರ್ಕಾರಿ ವಸತಿಗೃಹಗಳ ಉದ್ಯಾನಗಳಲ್ಲಿ ಮೇ ತಿಂಗಳ ಸಂಜೆ ನಾಲಗೆ ಹೊರಚಾಚಿ, ನಾಲ್ಕು ಹೆಜ್ಜೆಗೊಮ್ಮೆ ಕುಳಿತುಬಿಡುವ ಪಗ್‌ಗಳನ್ನು ನಾನು ನೋಡುತ್ತಲೇ ಇದ್ದೇನೆ. ಒಡೆಯರ ಪ್ರೀತಿಯಲ್ಲಿ ಕೊರತೆಯಿಲ್ಲ. ಆ ಪ್ರೀತಿ ನಾಯಿಯ ಮೂಗಿನೊಳಕ್ಕೆ ಗಾಳಿಯನ್ನು ಒಯ್ಯಲಾರದು, ಅಷ್ಟೆ.

ಇಂಗ್ಲೆಂಡಿನಲ್ಲಿ ಎಚ್ಚರ ಮೂಡಿದ್ದು ತಡವಾಗಿ. 2008ರಲ್ಲಿ ಬಿ.ಬಿ.ಸಿ. ಪ್ರಸಾರ ಮಾಡಿದ ಸಾಕ್ಷ್ಯಚಿತ್ರವೊಂದು, ಮಿದುಳಿಗೆ ಸಾಲದಷ್ಟು ಕಿರಿದಾದ ತಲೆಬುರುಡೆಯಿಂದ ಯಾತನೆಪಡುವ ಕ್ಯಾವಲಿಯರ್ ಸ್ಪೇನಿಯಲ್‌ಗಳನ್ನು ತೋರಿಸಿತು. ಮರುವರ್ಷ ಬಿ.ಬಿ.ಸಿ. ಕ್ರಫ್ಟ್ಸ್ ಪ್ರಸಾರವನ್ನೇ ಕೈಬಿಟ್ಟಿತು. ಕೆನಲ್ ಕ್ಲಬ್ ತನ್ನ ಮಾನದಂಡಗಳನ್ನು ತಿದ್ದಿತು. 2022ರಲ್ಲಿ ಓಸ್ಲೋ ನ್ಯಾಯಾಲಯ ಬುಲ್‌ಡಾಗ್ ಮತ್ತು ಕ್ಯಾವಲಿಯರ್ ತಳಿಗಳನ್ನು ಅಂದಿನ ರೀತಿಯಲ್ಲಿ ಬೆಳೆಸುವುದು ನಾರ್ವೆಯ ಪ್ರಾಣಿಕಲ್ಯಾಣ ಕಾಯಿದೆಗೆ ವಿರುದ್ಧ ಎಂದಿತು. ಮೇಲ್ಮನವಿಯಲ್ಲಿ ಬುಲ್‌ಡಾಗ್ ಕುರಿತ ತೀರ್ಪು ಬದಲಾದರೂ ಕ್ಯಾವಲಿಯರ್ ಕುರಿತದ್ದು ಉಳಿಯಿತು. ನಮ್ಮಲ್ಲಿ 2017ರ ನಿಯಮಗಳು ನಾಯಿ ಬೆಳೆಸುವವರ ನೋಂದಣಿಯನ್ನು ಕಡ್ಡಾಯ ಮಾಡಿವೆ, ಎಂಟು ವಾರ ತುಂಬದ ಮರಿಯ ಮಾರಾಟವನ್ನು ತಡೆದಿವೆ. ಆದರೆ ಕಾನೂನು ಮಾರುವವನ ಕೈಯನ್ನು ಹಿಡಿಯಬಲ್ಲದು. ಕೊಳ್ಳುವವನ ಕಣ್ಣನ್ನು ತಿದ್ದಲಾರದು.

ಈಗ ನಮ್ಮದೇ ಅಂಗಳದ ಪ್ರಶ್ನೆಗೆ ಬರೋಣ. ಮುಧೋಳ ನಾಯಿಯ ಹೆಸರು ಇಂದು ದೇಶವ್ಯಾಪಿ. 2005ರಲ್ಲಿ ಅಂಚೆ ಇಲಾಖೆ ಅದರ ಚೀಟಿ ಹೊರತಂದಿತು. ಸೇನೆ ಮೇರಠದಲ್ಲಿ ಅದಕ್ಕೆ ತರಬೇತಿ ನೀಡಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಹೊರನಾಡಿನಲ್ಲಿರುವ ನಮಗೆ ಇದು ಹೆಮ್ಮೆಯ ಸಂಗತಿ. ಆಳವಾದ ಎದೆ, ಒಳಸೇರಿದ ಹೊಟ್ಟೆ, ಉದ್ದನೆಯ ಮೂತಿ, ನೀಳವಾದ ಕಾಲು: ಬಾಗಲಕೋಟೆ ಸೀಮೆಯ ಬಯಲಿನಲ್ಲಿ ಮೊಲದ ಬೆನ್ನಟ್ಟಿ ಪಡೆದ ಮೈಕಟ್ಟು ಅದು. ಅದರ ಚೆಲುವು ಅದರ ಓಟದ ನೆರಳು.

ಹೆಮ್ಮೆ ಬೇಡಿಕೆಯಾದಾಗಲೇ ಅಪಾಯ. ಇನ್ನೂ ತೆಳು ಸೊಂಟ, ಇನ್ನೂ ಚೂಪು ಮುಖ ಎಂದು ಕೇಳುವವರು ಬಂದರೆ, ಬುಲ್‌ಡಾಗಿಗೆ ಆದದ್ದು ಮುಧೋಳಕ್ಕೆ ಆಗದೆಂಬ ಭರವಸೆಯಿಲ್ಲ. ಎರಡು ಕೋಣೆಯ ಫ್ಲಾಟಿನಲ್ಲಿ, ಓಡಲು ಬಯಲಿಲ್ಲದೆ ಕಟ್ಟಿಹಾಕಿದ ಮುಧೋಳವೂ ಅಲಂಕಾರದ ವಸ್ತುವೇ. ಕನ್ನಡದ ಹೆಸರು ಹೊತ್ತ ಮಾತ್ರಕ್ಕೆ ಅದರ ಕಷ್ಟ ಕಡಿಮೆಯಾಗದು.

ಸಮಾಧಾನದ ಮಾತೂ ಒಂದಿದೆ. ನಾವು ಸಂಪ್ರದಾಯವೆಂದು ತಿಳಿದಿರುವ ಈ ರೂಪದ ಮಾನದಂಡಕ್ಕೆ ಇನ್ನೂ ಎರಡು ಶತಮಾನ ತುಂಬಿಲ್ಲ. ಮನುಷ್ಯ ಬರೆದದ್ದನ್ನು ಮನುಷ್ಯ ತಿದ್ದಬಹುದು. ಮರಿಯನ್ನು ಮನೆಗೆ ತರುವ ಮುನ್ನ ಅದರ ತಾಯಿ ಸರಾಗವಾಗಿ ಉಸಿರಾಡುತ್ತದೆಯೇ, ತಾನಾಗಿ ಹೆತ್ತಿತೇ, ಬೇಸಿಗೆಯಲ್ಲಿ ಓಡಬಲ್ಲದೇ ಎಂದು ಕೇಳುವುದರಿಂದ ಆ ತಿದ್ದುಪಡಿ ಆರಂಭವಾದೀತು.